ಅವಳಿಗಳಲ್ಲಿ ಒಬ್ಬಳೇ ಶಾಲೆಗೆ ಹೋದ ವರ್ಷ

ನನ್ನ ಮಕ್ಕಳು ಅವಳಿ, ಒಂದು ಹೆಣ್ಣು, ಒಂದು ಗಂಡು. ಮೂರು ವರ್ಷ ತುಂಬಿದ ಬೇಸಿಗೆಯಲ್ಲಿ ಇಬ್ಬರನ್ನೂ ಹಾನಗಲ್ಲಿನ ನರ್ಸರಿಗೆ ಹಾಕುವ ಮಾತು ಮನೆಯಲ್ಲಿ ಎದ್ದಿತು.

ಮೊದಲು ಹುಟ್ಟಿದ ಮಗಳ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ತಾನೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ಮಾತಾಡಿಸುತ್ತಿದ್ದಳು. ಮಗನಿಗೆ ಚಡ್ಡಿ ಒದ್ದೆಯಾದ ಮೇಲೆಯೇ ಗೊತ್ತಾಗುತ್ತಿತ್ತು. ಮಾತೂ ಕಡಿಮೆ. ಅವನು ಕೈ ತೋರಿಸುತ್ತಿದ್ದ, ಅವಳು ಹೇಳುತ್ತಿದ್ದಳು: “ಅವಗ ನೀರ ಬೇಕಂತ.”

“ಕೂಡೇ ಹುಟ್ಟ್ಯಾವು, ಕೂಡೇ ಹೋಗ್ಲಿ ಬಿಡು. ಅಕ್ಕನ್ನ ನೋಡಿ ಕಲೀತಾನ,” ಎಂದರು ಅತ್ತೆ. ನನ್ನ ಗಂಡ ಬೆಳಿಗ್ಗೆಯೇ ಅಕ್ಕಿಆಲೂರಿನ ರೈಸ್‌ಮಿಲ್ಲಿಗೆ ಹೊರಡುವವರು, “ನೀನ ನೋಡು” ಎಂದುಬಿಟ್ಟರು. ನನಗೆ ಇಬ್ಬರ ಹಿಂದೆ ಓಡಿ ಓಡಿ ಸಾಕಾಗಿತ್ತು. ಇಬ್ಬರನ್ನೂ ಸೇರಿಸಿದೆ.

ಮಗ ದಿನಾ ಅತ್ತ. ಬೆಳಿಗ್ಗೆ ಅವನನ್ನು ಆಟೋ ಹತ್ತಿಸುವಷ್ಟರಲ್ಲಿ ನನ್ನ ಮೈಯಲ್ಲಿ ಬಲವೇ ಉಳಿಯುತ್ತಿರಲಿಲ್ಲ. ಮಧ್ಯಾಹ್ನ ಒದ್ದೆ ಚಡ್ಡಿಯ ಚೀಲ ಹಿಡಿದು ಮಗಳು ಮುಂದೆ ಬರುತ್ತಿದ್ದಳು, ಹಿಂದೆ ಅವನು. ಬರಬರುತ್ತಾ ಅವಳೂ ಮಾತು ಕಡಿಮೆ ಮಾಡಿದಳು. ಏನು ಆಡಿದಿ, ಏನು ಕಲಿತಿ ಎಂದು ಕೇಳಿದರೆ ಚೀಲ ನನ್ನ ಕೈಗಿಟ್ಟು ಒಳಗೆ ಹೋಗುತ್ತಿದ್ದಳು.

ಒಂದು ದಿನ ಹೇಳದೆ ಶಾಲೆಗೆ ಹೋದೆ. ಉಳಿದ ಮಕ್ಕಳು ಕೈ ಹಿಡಿದು ಸುತ್ತುಗಟ್ಟಿ ಆಡುತ್ತಿದ್ದವು. ಇವಳು ಗೋಡೆಗೆ ಒರಗಿ ಕುಳಿತಿದ್ದಳು. ತೊಡೆಯ ಮೇಲೆ ತಮ್ಮನ ತಲೆ. ಅವನ ಬೆನ್ನು ತಟ್ಟುತ್ತಾ ಆಟ ನೋಡುತ್ತಿದ್ದಳು.

“ಅಂವ ಅಕೀನ್ನ ಬಿಟ್ಟು ಯಾರ ಹತ್ರಾನೂ ಹೋಗಂಗಿಲ್ರಿ,” ಎಂದರು ಅಲ್ಲಿ ಕಲಿಸುವ ಅಕ್ಕೋರು. “ಇನ್ನೊಂದ್ ವರ್ಷ ಮನ್ಯಾಗ ಇರ್ಲಿ ಬಿಡ್ರಿ. ಹುಡುಗೀನ ಮಾತ್ರ ಬಿಡಿಸಬ್ಯಾಡ್ರಿ.”

ಮಗನನ್ನು ಎತ್ತಿಕೊಂಡು ಮನೆಗೆ ಬಂದೆ. ಅತ್ತೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. “ಗಂಡ್ಸುಮಗನ್ನ ಹಿಂದ ಹಾಕಿದಿ,” ಎಂದರು ಕೊನೆಗೆ. ಜಗಳಕ್ಕೂ ನನ್ನಲ್ಲಿ ಶಕ್ತಿಯಿರಲಿಲ್ಲ. “ಹೌದ್ರಿ ಅತ್ತಿ,” ಎಂದು ಅನ್ನಕ್ಕೆ ಇಟ್ಟೆ.

ಮೊದಲ ವಾರ ಅವನು ಬಾಗಿಲಲ್ಲೇ ಕುಳಿತು ಅಕ್ಕನಿಗಾಗಿ ಅತ್ತ. ಆಮೇಲೆ ನನ್ನ ಸೀರೆ ಹಿಡಿದು ಹಿಂದೆ ಹಿಂದೆ ತಿರುಗತೊಡಗಿದ. ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದೆ. ಹಿಂದಿನಿಂದ, “ಅವ್ವಾ, ನೀರ ಕೊಡು,” ಎಂದ. ತಿರುಗಿ ನೋಡಿದೆ. ಅವನ ಪರವಾಗಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕೈಯ ಸೋಪು ತೊಳೆದು ನೀರು ಕೊಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಮೊದಲು ಬಂದದ್ದು ಅಳು.

ಮಗಳಿಗೂ ಸುತ್ತಿನಲ್ಲಿ ಜಾಗ ಸಿಕ್ಕಿತ್ತು. ಮನೆಗೆ ಬಂದವಳೇ ಕುಣಿದು ತೋರಿಸುತ್ತಿದ್ದಳು.

ಮುಂದಿನ ಜೂನ್‌ನಲ್ಲಿ ಮಗ ನರ್ಸರಿಗೆ ಹೋದ. ನಾಲ್ಕು ದಿನ ಅತ್ತು ಸುಮ್ಮನಾದ. ಅಕ್ಕ ಪಕ್ಕದ ಕೋಣೆಯಲ್ಲಿ, ಒಂದು ಕ್ಲಾಸು ಮುಂದೆ. ಅವಳಿ ಮಕ್ಕಳು ಬೇರೆ ಬೇರೆ ಕ್ಲಾಸಿನಲ್ಲಿ ಯಾಕೆ ಎಂದು ಸಂತೆಯಲ್ಲಿ, ಮದುವೆಮನೆಯಲ್ಲಿ ಈಗಲೂ ಕೇಳುತ್ತಾರೆ. ಹೇಳಿ ಹೇಳಿ ಬೇಸತ್ತಿದ್ದೇನೆ. ಈಗೀಗ ಮಗನೇ ಹೇಳುತ್ತಾನೆ, “ನಾ ತಡಾ ಮಾಡಿ ಹೋದ್ನಿರಿ.”