ಪ್ರತಿ ಸಲವೂ ಸಿಕ್ಕ ಒಂದು ಸಾಲು

ಸಿಂದಗಿಯ ಖಾಸಗಿ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಲ್ಯಾಬ್ ನೋಡಿಕೊಳ್ಳುವವರು ಇಂಡಿ ಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮಾತು ಕಡಿಮೆ. ಒಂದು ಮಧ್ಯಾಹ್ನ ಅವರು ಮೆಲ್ಲಗೆ, "ಬಾಗೇವಾಡಿ ಕಾಲೇಜಿಗೆ ಹೊಂಟೀರೇನ್ರಿ ಮೇಡಂ?" ಎಂದರು.

ಅಲ್ಲಿಗೆ ಅರ್ಜಿ ಹಾಕಿದ್ದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ಟೈಪ್ ಮಾಡಿದ್ದು ಮಾತ್ರ ಲ್ಯಾಬಿನ ಕಂಪ್ಯೂಟರಿನಲ್ಲಿ. ಹುಡುಗರ ಪರದೆ ಕದ್ದು ನೋಡುವ 'ವಾಚರ್' ಎಂಬ ಪ್ರೋಗ್ರಾಮನ್ನು ನನ್ನದಕ್ಕೂ ಹಾಕಿದ್ದಾರೆ ಎಂದು ಮನಸ್ಸು ಹೇಳಿತು.

ಲ್ಯಾಬಿನ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ನನಗೂ ಹೊಸದು. ಬಾಗಿಲು ಹಾಕಿಕೊಂಡು, ಓಡುತ್ತಿರುವ ಕೆಲಸಗಳ ಪಟ್ಟಿ ತರುವ 'ಪಿಎಸ್' ಎಂಬ ಆಜ್ಞೆ ಬರೆದು, ಅದರಲ್ಲಿ ಆ ಹೆಸರು ಹುಡುಕಲು 'ಗ್ರೆಪ್' ಸೇರಿಸಿದೆ. ಒಂದು ಸಾಲು ಬಂತು. ಅದರಲ್ಲಿದ್ದ ಕೆಲಸದ ನಂಬರು ಕೊಟ್ಟು ನಿಲ್ಲಿಸಲು ಹೋದರೆ, ಅಂಥದ್ದು ಇಲ್ಲವೆಂಬ ಉತ್ತರ. ಮತ್ತೆ ಹುಡುಕಿದರೆ ಅದೇ ಸಾಲು, ಬೇರೆ ನಂಬರು. ಕೈ ಹಾಕಿದಾಗಲೆಲ್ಲ ಜಾರಿಕೊಳ್ಳುತ್ತಿತ್ತು. ಇಷ್ಟು ಸಾಕಾಯಿತು. ಲ್ಯಾಬಿನವರು ನನ್ನ ಪರದೆ ಕದ್ದು ನೋಡುತ್ತಿದ್ದಾರೆ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ಪ್ರಿನ್ಸಿಪಾಲರು ಅವರ ಕೈಯಿಂದ ಲ್ಯಾಬಿನ ಕೀಲಿ ತೆಗೆದುಕೊಂಡರು.

ಮೂರನೆಯ ದಿನ ಲ್ಯಾಬಿನವರು ನನ್ನ ಮೇಜಿನ ಬಳಿ ಬಂದು, ತನ್ನ ಮೇಲೆ ಏನಾದರೂ ಹೇಳಿದಿರಾ ಎಂದು ಕೇಳಿದರು. ಮತ್ತೆ ಅದೇ ಹೆಸರು ಹುಡುಕಿ ನಾನು ಪರದೆ ತೋರಿಸಿದೆ. ಅವರು ಅದನ್ನು ನೋಡಿ, ಎಲ್ಲೂ ಇಲ್ಲದ ಒಂದು ಹೆಸರು ಹುಡುಕಲು ಹೇಳಿದರು. ಬದನೆಕಾಯಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ. ಅದಕ್ಕೂ ಒಂದು ಸಾಲು ಬಂತು.

"ಹುಡುಕೋದೂ ಒಂದು ಓಡೋ ಕೆಲಸನ ಅಲ್ಲೇನ್ರಿ? ನೀವು ಬರೆದ ಹೆಸರು ಅದರ ಸಾಲಿನ್ಯಾಗ ಇರತೈತಿ, ಅದಕ್ಕ ತನ್ನನ್ನ ತಾನ ತೋರಸ್ತೈತಿ. ನೀವು ನಿಲ್ಲಸೂದ್ರಾಗ ಅದು ಮುಗದಿರತೈತ್ರಿ."

ವಾಚರ್ ಇಲ್ಲವೆಂದಾದರೆ ಬಾಗೇವಾಡಿ ವಿಷಯ ಹೇಗೆ ತಿಳಿಯಿತೆಂದು ಬಿಡದೆ ಕೇಳಿದೆ.

"ಪ್ರಿಂಟರಿನ್ಯಾಗ ಅರ್ಜಿದು ಒಂದು ಕಾಪಿ ಬಿಟ್ಟಿದ್ರಿ. ಮಂದಿ ನೋಡಬಾರದಂತ ನಿಮ್ಮ ಡ್ರಾದಾಗ ಇಟ್ಟೇನಿ."

ಡ್ರಾ ಎಳೆದೆ. ಹಾಜರಿ ಪುಸ್ತಕದ ಕೆಳಗೆ ನಾಲ್ಕಾಗಿ ಮಡಚಿದ ಹಾಳೆ ಇತ್ತು. ಮುಖ ಬಿಸಿಯಾಯಿತು. ಆಗಲೂ ಮನಸ್ಸಿನ ಒಂದು ಮೂಲೆ, ಅವರು ಪೂರ್ತಿ ಓದಿಯೇ ಮಡಚಿರಬೇಕು ಎನ್ನುತ್ತಿತ್ತು.

ತಪ್ಪು ನನ್ನದೆಂದು ಪ್ರಿನ್ಸಿಪಾಲರಿಗೆ ಹೇಳಿ ಬಂದೆ; ಸಂಜೆಗೆ ಕೀಲಿ ಲ್ಯಾಬಿನವರಿಗೆ ಮರಳಿತು. ಕ್ಷಮೆ ಕೇಳಿದಾಗ, "ಇರ್ಲಿ ಬಿಡ್ರಿ" ಅಂದರು. ಮುಂದೆ ಕಾಲೇಜಿನ ಮುದ್ದೇಬಿಹಾಳದ ಶಾಖೆಗೆ ತಾವಾಗಿಯೇ ವರ್ಗ ಕೇಳಿಕೊಂಡು ಹೋದರು. ಹೋಗುವವರೆಗೂ, ನಾನು ಕಂಪ್ಯೂಟರ್ ಮುಂದೆ ಕೂತಿದ್ದರೆ ಅವರು ಹೊಸ್ತಿಲಾಚೆಯೇ ನಿಂತು, "ಒಳಗ ಬರ್ಲೇನ್ರಿ?" ಎಂದು ಕೇಳುತ್ತಿದ್ದರು.