ಭಾಳ ಸಾಧು ಎತ್ತು

ನಾನು ಯಲಬುರ್ಗಾದಲ್ಲಿ ಡಾಕ್ಟರಾಗಿದ್ದ ಎಂಬತ್ತರ ದಶಕದ ಮಾತು. ಹತ್ತಿರದ ತಳಕಲ್ ಊರಿನ ರೈತನೊಬ್ಬ ಎದೆ ಹಿಡಿದುಕೊಂಡು, ಇನ್ನೊಬ್ಬನ ಜೊತೆ ಬಸ್ಸಿಳಿದು ಬಂದ. ಮೂವತ್ತರ ಗಟ್ಟಿ ಆಳು, ಆದರೆ ಇಸಿಜಿಯಲ್ಲಿ ಹೃದಯಾಘಾತ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೈಗೆತ್ತಿಕೊಂಡ ನನಗೆ ಅನುಮಾನ ಬಂತು. ಎದೆಗೆ ಪೆಟ್ಟು ಬಿದ್ದು ಹೀಗಾಗಿದ್ದರೆ ಅದೇ ಇಂಜೆಕ್ಷನ್ನಿನಿಂದ ಒಳಗೆ ರಕ್ತ ಸೋರಿ ಜೀವ ಹೋಗಬಹುದು.

"ಎದಿಗೆ ಏನರ ಬಡದೈತೇನಪಾ?"

"ಇಲ್ರಿ ಸಾಹೇಬ್ರ," ಅಂದ, ಜೊತೆಗೆ ಬಂದವನ ಮುಖ ನೋಡುತ್ತ.

ಅಂಗಿ ಬಿಚ್ಚಿಸಿದೆ. ಎದೆಯ ಮೇಲೆ ಎತ್ತಿನ ಗೊರಸಿನ ಗುರುತು ಅಚ್ಚೊತ್ತಿದಂತಿತ್ತು.

"ಇದೇನು?"

"ಹುಟ್ಟಿದಾಗಿಂದ ಐತ್ರಿ."

ಜೊತೆಗಾರನನ್ನು ಚಹಾ ತರಲು ಕಳಿಸಿದೆ. ಅವನು ಬಾಗಿಲು ದಾಟಿದ್ದೇ ತಡ, ಇವನು ಬಾಯಿಬಿಟ್ಟ.

"ಎತ್ತು ಒದ್ದೈತ್ರಿ. ಅಂವ ಅದನ್ನ ಕೊಳ್ಳಾಕ ಬಂದಾನ್ರಿ. ಭಾಳ ಸಾಧು ಐತಿ ಅಂತ ಹೇಳೀನ್ರಿ."

ಇಂಜೆಕ್ಷನ್ ಪಕ್ಕಕ್ಕಿಟ್ಟೆ. ನೋವಿಗೆ ಔಷಧ ಕೊಟ್ಟು, ವಾರಗಟ್ಟಲೆ ಮಲಗಿಸಿ ನೋಡಿಕೊಂಡೆ. ಬದುಕಿದ. ರೋಗಿಯ ಗುಟ್ಟು ಹೊರಗೆ ಆಡುವಂತಿಲ್ಲವಾದ್ದರಿಂದ ಎತ್ತಿನ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಆ ಜೊತೆಗಾರನೇ ಎದೆ ಹಿಡಿದುಕೊಂಡು ಬಂದ. ಅವನ ಹಿಂದೆ ಇನ್ನೊಬ್ಬ ಅಪರಿಚಿತನಿದ್ದ. ಇಸಿಜಿ ಆಮೇಲೆ, ಮೊದಲು ಆ ಅಪರಿಚಿತನನ್ನು ಚಹಾ ತರಲು ಕಳಿಸಿದೆ.