ಗೂಡಿಗೆ ಗೋಣಿ ಕಟ್ಟಿಸಿದ ಮೇಸ್ತ್ರಿ

ಹೋದ ಭಾನುವಾರ ಕೋಳಿ ಗೂಡಿನ ಗೋಡೆಗೆ ಬಳಿಯೋಣವೆಂದು ಸುಣ್ಣದ ಕಲ್ಲಿಗೆ ನೀರು ಹೊಯ್ದೆ. ಸುಣ್ಣ ಬುಸುಗುಟ್ಟುತ್ತಾ ಅರಳಿತು. ಮೂಗಿಗೆ ಅಡರುವ ಆ ಬಿಸಿ ವಾಸನೆ ಬಂದದ್ದೇ ತಡ, ಪಕ್ಕದ ಮನೆಯ ಮೇಸ್ತ್ರಿ ನೆನಪಾದರು...

ಅವರು ದೊಡ್ಡಬಳ್ಳಾಪುರದಲ್ಲಿ ಕರೆಂಟು ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವರು. ಮಗ್ಗದ ಸದ್ದಿನಲ್ಲೇ ಆಯುಷ್ಯ ಕಳೆದು ಕಿವಿ ಮಂದವಾಗಿತ್ತು. ಕೆಲಸ ಬಿಟ್ಟ ಮೇಲೆ ಗಂಡ ಹೆಂಡತಿ ಇಬ್ಬರೂ ಹಿತ್ತಲಲ್ಲಿ ನಾಟಿ ಕೋಳಿ ಸಾಕಿಕೊಂಡಿದ್ದರು.

ಟೆಂಪೋ ಓಡಿಸುತ್ತಿದ್ದ ನಮ್ಮ ಯಜಮಾನರು ನೆಲಮಂಗಲದ ಹತ್ತಿರ ಗಾಡಿ ಪಲ್ಟಿಯಾಗಿ ತೊಡೆಯ ಮೂಳೆ ಮುರಿದುಕೊಂಡ ವರ್ಷ ಅದು. ರಾಡು ಹಾಕಿದ್ದರು. ವಾಕರ್ ಹಿಡಿದು ನಡೆಯಬೇಕೆಂದು ಡಾಕ್ಟರು ಹೇಳಿ ಎರಡು ತಿಂಗಳಾದರೂ ಇವರು ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನಾನು ಅಡುಗೆ ಮಾಡಿಟ್ಟು, ಅವರ ಮೈ ಒರೆಸಿ, ಬಸ್ಸು ಹಿಡಿದು ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದೆ. ಯಜಮಾನರಿಗೆ ಮೊಟ್ಟೆಯಾಗಲಿ ಎಂದು ಮೇಸ್ತ್ರಿ ಹೆಂಡತಿ ಕೊಟ್ಟಿದ್ದ ಆರು ಕೋಳಿಗಳಿದ್ದವು.

ದೀಪಾವಳಿ ಕಳೆದ ಮೇಲೆ ಮೇಸ್ತ್ರಿ ಎರಡು ಸಲ ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದರು. ಚಳಿಗಾಳಿ ಶುರುವಾಗುತ್ತದೆ, ಗೂಡಿಗೆ ಗೋಣಿ ಕಟ್ಟು, ನೆಲಕ್ಕೆ ಹಾಸಿದ ನೆಂದ ಹೊಟ್ಟು ತೆಗೆದು ಒಣಗಿದ್ದು ಹಾಕು ಎಂದು. ನಾನು ಹೂಂ ಎಂದೆ. ಮಾಡಲಿಲ್ಲ. ಆಮೇಲೆ ಎರಡು ದಿನ ಜಿಟಿಜಿಟಿ ಮಳೆ, ಅದರ ಹಿಂದೆಯೇ ಮಂಜು. ಒಂದು ಬೆಳಿಗ್ಗೆ ಎರಡು ಕೋಳಿ ಸತ್ತು ಬಿದ್ದಿದ್ದವು.

ಅಳು ಬರಲಿಲ್ಲ. ಎರಡರ ಚಾಕರಿ ತಪ್ಪಿತಲ್ಲ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನಾಚಿಕೆಯಾಗಿ ಗೂಡಿನ ಮುಂದೆಯೇ ಕೂತುಬಿಟ್ಟೆ...

ಮೇಸ್ತ್ರಿ ಬಂದರು. ಬೈಯಲಿಲ್ಲ. ಗುಂಡಿ ತೋಡಿ ಸತ್ತವನ್ನು ಹೂತರು. ಉಳಿದ ನಾಲ್ಕನ್ನೂ ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಹಿಡಿದು ಉಸಿರು ಆಲಿಸಿದರು. ಒಂದರ ಎದೆ ಗೊರಗೊರ ಎನ್ನುತ್ತಿದೆಯೆಂದು ಅದನ್ನು ಬೇರೆ ಮಂಕರಿಯಲ್ಲಿ ಮುಚ್ಚಿಡಿಸಿದರು. ಆಮೇಲೆ ತಮ್ಮ ಮನೆಯಿಂದ ಹಳೆ ಗೋಣಿಚೀಲ, ದಬ್ಬಳ, ಸೆಣಬಿನ ದಾರ ತಂದು ನೇರ ಒಳಗೆ ಹೋಗಿ ಯಜಮಾನರ ಮಂಚದ ಮೇಲಿಟ್ಟರು.

"ಎದ್ದು ಕೂತ್ಕೊಳಪ್ಪ. ಇವನ್ನ ಒಂದಕ್ಕೊಂದು ಸೇರಿಸಿ ಹೊಲಿ."

"ನನ್ ಕೈಲಾಗಲ್ಲ ಮೇಸ್ತ್ರಿ" ಎಂದರು ಯಜಮಾನರು.

ಮೇಸ್ತ್ರಿ ಕಿವಿಗೆ ಕೈ ಅಡ್ಡ ಹಿಡಿದರು. ಯಜಮಾನರು ಇನ್ನೊಮ್ಮೆ ಹೇಳಿದರು.

"ಏನೂ ಕೇಳಿಸ್ತಿಲ್ಲ ಕಣಪ್ಪ. ಹಿತ್ತಲಿಗೆ ಬಂದು ಜೋರಾಗಿ ಹೇಳು."

ವಾಕರನ್ನು ಮಂಚಕ್ಕೆ ಒತ್ತಿ ನಿಲ್ಲಿಸಿ, ಗೋಣಿ ಎತ್ತಿಕೊಂಡು ಹೊರಟೇಹೋದರು. ಯಜಮಾನರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನನ್ನನ್ನು ಕರೆದರು. ನನ್ನ ಭುಜ, ವಾಕರ್, ಗೋಡೆ... ಒಂದೊಂದೇ ಹೆಜ್ಜೆ. ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಕೂಗಾಡಿದರು. ಮೇಸ್ತ್ರಿ ಎಲ್ಲಾ ಕೇಳಿಸಿಕೊಂಡವರಂತೆ ತಲೆಯಾಡಿಸಿ, ಕೈಗೆ ದಬ್ಬಳ ಕೊಟ್ಟು, ಯಾವ ಅಂಚಿನಿಂದ ಹೊಲಿಯಬೇಕೆಂದು ತೋರಿಸಿದರು. ಇವರು ಹೊಲಿದರು.

ನಾನು ಆ ದಿನ ಕೆಲಸಕ್ಕೆ ಹೋಗಲಿಲ್ಲ. ನೆಂದ ಹೊಟ್ಟು ಕೆರೆದು ತೆಗೆದೆವು. ಗೋಡೆಗೆ ಸುಣ್ಣ ಬಳಿದು, ನೆಲ ಆರಿದ ಮೇಲೆ ಕಡಲೆಕಾಯಿ ಸಿಪ್ಪೆ ಹರವಿದೆವು. ಕೋಳಿಗಳು ಕೂರುವ ನೀಲಗಿರಿ ಕೋಲನ್ನು ಮೇಲಕ್ಕೆ ಕಟ್ಟಿದೆವು. ಯಜಮಾನರು ಹೊಲಿದ ಪರದೆಯನ್ನು ಗಾಳಿ ನುಗ್ಗುವ ಮೂಡಲ ಕಡೆಗೆ ಇಳಿಬಿಟ್ಟಾಗ ನಾನು ಮೇಲಿನ ಸಂದಿಯನ್ನೂ ಮುಚ್ಚಲು ಹೋದೆ.

"ಅದನ್ನ ಬಿಡಮ್ಮ. ಬೆಚ್ಚಗಿರ್ಲಿ ಅಂತ ಪೂರ್ತಿ ಮುಚ್ಬಿಟ್ರೆ ಉಸಿರು ಕಟ್ತೈತೆ" ಎಂದರು ಮೇಸ್ತ್ರಿ.

ಸಂಜೆ ಮೇಸ್ತ್ರಿಗೆ ಕೈ ತೊಳೆಯಲು ನೀರು ಹಾಕುವಾಗ ಹೊಳೆಯಿತು. ಕೋಳಿಯ ಎದೆಯ ಗೊರಗೊರ ಕೇಳಿಸಿದವರಿಗೆ ಮಂಚದ ಪಕ್ಕದಲ್ಲಿ ಆಡಿದ ಮಾತು ಕೇಳಿಸದೆ ಇದ್ದೀತೇ? ಅವರನ್ನೇ ಕೇಳಿಬಿಡಬೇಕೆನ್ನಿಸಿತು. ಇನ್ನೊಂದು ಚೊಂಬು ನೀರು ಹಾಕಿದೆ.

ಮಾರನೆಯ ದಿನ ಯಜಮಾನರು ಗೋಣಿ ಸಡಿಲವಾಗಿದೆಯೇನೋ ಎಂದು ತಾವೇ ಎದ್ದರು. ಈಗ ಕುಂಟುತ್ತಾರೆ, ಆದರೆ ಒಂದು ಗೋಡೌನಿನಲ್ಲಿ ವಾಚ್‌ಮನ್ ಕೆಲಸ ಮಾಡುತ್ತಾರೆ.

ಮೇಸ್ತ್ರಿ ತೀರಿಹೋದದ್ದು ಒಂದು ಆಷಾಢದಲ್ಲಿ. ಅವತ್ತು ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರು, ರಜೆ ಸಿಗಲಿಲ್ಲ. ನಾನು ಬಸ್ಸಿಳಿಯುವ ಹೊತ್ತಿಗೆ ಎಲ್ಲಾ ಮುಗಿದಿತ್ತು. ಮೈ ಎಷ್ಟು ಸೋತಿತ್ತೆಂದರೆ ಅವರ ಬಾಗಿಲಲ್ಲೇ ನಿಂತುಬಿಟ್ಟೆ, ಒಳಗೆ ಹೋಗಿ ಅವರ ಹೆಂಡತಿಯ ಕೈ ಹಿಡಿಯಲೂ ಆಗಲಿಲ್ಲ. ಆಕೆ ಕೆಲವು ತಿಂಗಳಾದ ಮೇಲೆ ತಂಗಿಯ ಊರಿಗೆ ಹೋದರು. ಮನೆ ಬಾಡಿಗೆಗೆ ಹೋಯಿತು...

ಹೋದ ಭಾನುವಾರ ನಾನು ಗೂಡಿನ ಕೆಲಸ ಮಾಡುವುದನ್ನು ಆ ಮನೆಗೆ ಹೊಸದಾಗಿ ಬಂದಿರುವ ಹುಡುಗಿ ಕಾಂಪೌಂಡಿನ ಆಚೆ ನಿಂತು ನೋಡುತ್ತಿದ್ದಳು. ಇದನ್ನೆಲ್ಲಾ ಎಲ್ಲಿ ಕಲಿತಿರಿ ಆಂಟಿ ಎಂದು ಕೇಳಿದಳು. ನಿಮ್ಮ ಮನೆಯಲ್ಲಿ ಮೊದಲಿದ್ದ ಮಗ್ಗದ ಮೇಸ್ತ್ರಿಯವರು ಹೇಳಿಕೊಟ್ಟದ್ದು ಎಂದೆ.

"ನಿಮ್ಗೆ ಏನಾಗ್ಬೇಕಿತ್ತು ಅವ್ರು?"

"ಏನೂ ಆಗ್ಬೇಕಿರ್ಲಿಲ್ಲ" ಎಂದೆ. ಹಾಗೆಂದ ಮೇಲೆ ಆ ಮಾತು ನನಗೇ ಸುಳ್ಳೆನ್ನಿಸಿ ಅವಳ ಎದುರು ನಿಲ್ಲಲಾಗದೆ, ಕೆಲಸ ಅರ್ಧಕ್ಕೇ ಬಿಟ್ಟು ಒಳಗೆ ಬಂದುಬಿಟ್ಟೆ.